ಹಾಲಿನ ಡೈರಿಯಲ್ಲೂ ಪುಸ್ತಕ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕನ್ನಡದಲ್ಲಿ ಓದುವವರೇ ಇಲ್ಲ ಎಂದು ಕೆಲವು ವಾರಗಳಿಂದ ನಿಮ್ಮ ಪತ್ರಿಕೆಯಲ್ಲಿ ಓದುಗರು ಬರೆಯುತ್ತಿದ್ದಾರೆ. ಮೊಬೈಲು ಬಂತು, ಟಿವಿ ಬಂತು, ಮಕ್ಕಳನ್ನೆಲ್ಲ ಇಂಗ್ಲಿಷ್ ಶಾಲೆಗೆ ಹಾಕಿದ್ದಾಯ್ತು ಅಂತ ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟಿದ್ದಾರೆ. ಆದರೆ ಪುಸ್ತಕದ ಬೆಲೆ ಎಷ್ಟು, ಅದು ಸಿಗುವುದು ಎಲ್ಲಿ ಅನ್ನುವ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ಇವೆರಡೇ ಮುಖ್ಯ ಅನ್ನಿಸುತ್ತದೆ. ಅದಕ್ಕೇ ಈ ಪತ್ರ.

ನಾನು ಕೋಲಾರದಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು. ನಮ್ಮ ತಂದೆ ಶುರು ಮಾಡಿದ ಅಂಗಡಿ. ಕೋರ್ಟಿನ ರಿಜಿಸ್ಟರು, ಕಾಲೇಜು ಹುಡುಗರ ರೆಕಾರ್ಡು, ಲೈಬ್ರರಿಯಲ್ಲಿ ಹರಿದುಹೋದ ಪುಸ್ತಕ, ಎಲ್ಲ ನಮ್ಮ ಕೈ ದಾಟಿ ಹೋಗುತ್ತವೆ. ಬೇರೆಯವರು ಪುಸ್ತಕದ ಮುಖ ನೋಡಿದರೆ ನಾವು ಬೆನ್ನು ನೋಡುತ್ತೇವೆ. ಫಾರಂ (ಅಂದರೆ ಮಡಚಿದ ಹಾಳೆಗಳ ಕಟ್ಟು) ಹೊಲಿದಿದ್ದಾರಾ, ಬರೀ ಗಮ್ ಬಳಿದಿದ್ದಾರಾ, ಕಾಗದ ಎಂಥದ್ದು ಅಂತ ಬೆರಳಿಗೇ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಜಾಸ್ತಿ ಗೌರವಿಸುವ ಪುಸ್ತಕಗಳೆಂದರೆ ದಪ್ಪ ರಟ್ಟಿನ, ಚಿನ್ನದ ಅಕ್ಷರದ ಪುಸ್ತಕಗಳಲ್ಲ. ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದವರ ಹಳೆಯ ಕಿತ್ತಳೆ ಬಣ್ಣದ ಪುಟ್ಟ ಪುಸ್ತಕಗಳು.

ಅವು ಕೋಲಾರಕ್ಕೆ ಹೇಗೆ ಬಂದವು ಅಂದರೆ ಕೆಜಿಎಫ್‌ನಿಂದ. ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರ ನಂತರ ಅಲ್ಲಿ ಗಣಿ ನಡೆಸಿತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಬಂಗಲೆ, ಕ್ಲಬ್ಬು, ಚರ್ಚು, ಓದುವ ಕೋಣೆ ಎಲ್ಲ ಇದ್ದ ಊರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. ಕೊನೆಗೆ 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಮನೆ ಖಾಲಿ ಮಾಡಿ ಹೋದವರು ಹೋಗುತ್ತಾ ಹೋಗುತ್ತಾ ಪುಸ್ತಕಗಳನ್ನು ತೂಕಕ್ಕೆ ಹಾಕಿದರು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಯ ರದ್ದಿ ಅಂಗಡಿಗಳಲ್ಲಿ ಅವು ಕಟ್ಟು ಕಟ್ಟಾಗಿ ಬಿದ್ದಿದ್ದವು. ನಮ್ಮ ತಂದೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಆ ಕಟ್ಟುಗಳನ್ನು ನೋಡಿದರೆ ಬಿಟ್ಟು ಬರುತ್ತಿರಲಿಲ್ಲ. "ಇದನ್ನು ಮಾಡಿದವನಿಗೆ ಕೆಲಸ ಗೊತ್ತು" ಅನ್ನುತ್ತಿದ್ದರು.

ಅದರಲ್ಲಿ ಒಂದು ಪ್ರತಿ ಈಗಲೂ ನನ್ನ ಮೇಜಿನ ಮೇಲಿದೆ. ಎರಡನೇ ಮಹಾಯುದ್ಧದ ಕಾಲದ್ದು. ಉದ್ದ 18 ಸೆಂಟಿಮೀಟರು, ಅಗಲ 11. ಶರ್ಟಿನ ಜೇಬಿನಲ್ಲಿ ಕೂರುತ್ತದೆ. ಒಳಗಡೆ ಗಣಿ ಕಾಲನಿಯ ಒಂದು ಕ್ಲಬ್ಬಿನ ನೇರಳೆ ಮೊಹರು. ಯುದ್ಧದ ವರ್ಷಗಳಲ್ಲಿ ಎಲ್ಲಕ್ಕೂ ತತ್ವಾರ. ಅದಕ್ಕೆ ಹೊಲಿಗೆ ಹಾಕದೆ ಎರಡು ತಂತಿ ಪಿನ್ ಹೊಡೆದಿದ್ದಾರೆ. ಪಿನ್ನು ತುಕ್ಕು ಹಿಡಿದು, ಆ ತುಕ್ಕು ಸುತ್ತಲಿನ ಕಾಗದವನ್ನೂ ತಿಂದಿತ್ತು. ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಮಡಚಿದರೆ ಮುರಿಯುತ್ತದೆ. ಆದರೆ ಅಕ್ಷರ ನೋಡಬೇಕು! ಒಂದು ಸಾಲೂ ಮಸುಕಾಗಿಲ್ಲ. ಬೆನ್ನಿನ ಕಡೆ ಸಾಕಷ್ಟು ಅಂಚು ಬಿಟ್ಟಿದ್ದಾರೆ. ಹಾಗಾಗಿ ನಾನು ಪಿನ್ನು ಕಿತ್ತು, ಹಾಳೆಗಳ ಬೆನ್ನಿಗೆ ತೆಳ್ಳನೆ ಕಾಗದದ ಪಟ್ಟಿ ಕೊಟ್ಟು, ದಾರದಲ್ಲಿ ಹೊಲಿದ ಮೇಲೂ ಒಂದಕ್ಷರ ಒಳಗೆ ಸಿಕ್ಕಿಕೊಳ್ಳಲಿಲ್ಲ. ಕಾಗದ ಅಗ್ಗದ್ದು, ಪಿನ್ನು ಅಗ್ಗದ್ದು, ಆದರೆ ಪುಟ ಹಾಕಿದವನು ಓದುವವರ ಕಣ್ಣನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ.

ಈ ಪ್ರಕಾಶನ ಹುಟ್ಟಿದ ಕಥೆ ನಮ್ಮವರಿಗೆ ತಿಳಿಯಬೇಕು. ಆಲೆನ್ ಲೇನ್ ಎಂಬ ಮನುಷ್ಯ ಲಂಡನ್ನಿನ ಬಾಡ್ಲಿ ಹೆಡ್ ಎಂಬ ಪ್ರಕಾಶನದಲ್ಲಿ ನಿರ್ದೇಶಕ. 1934ರಲ್ಲಿ ಒಂದು ವಾರಾಂತ್ಯ ಡೆವನ್ ಜಿಲ್ಲೆಗೆ ಹೋಗಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಅವರ ಮನೆಯಲ್ಲಿದ್ದು ವಾಪಸ್ ಬರುವಾಗ ಎಕ್ಸೆಟರ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದರಂತೆ. ಓದೋಣ ಅಂತ ಪುಸ್ತಕದ ಅಂಗಡಿಗೆ ಹೋದರೆ ಅಲ್ಲಿ ಬರೀ ಮ್ಯಾಗಜಿನ್ನು, ಕಳಪೆ ಕಾದಂಬರಿಗಳು. ಒಳ್ಳೆಯ ಪುಸ್ತಕ, ಜೇಬಿಗೆ ಭಾರವಾಗದ ಬೆಲೆಗೆ, ಸ್ಟೇಷನ್ನಿನಲ್ಲೇ ಯಾಕೆ ಸಿಗಬಾರದು ಅನ್ನಿಸಿತು. ಅವರೇ ಹೇಳಿಕೊಂಡ ಕಥೆ ಇದು. ಇದೆಲ್ಲ ಅವರೊಬ್ಬರ ತಲೆಯಲ್ಲೇ ಹುಟ್ಟಿದ್ದು ಅಂತಲೂ ಅಲ್ಲ. ಜರ್ಮನಿಯಲ್ಲಿ 1932ರಲ್ಲೇ ಆಲ್ಬಟ್ರಾಸ್ ಎಂಬ ಪ್ರಕಾಶನ ಇದೇ ಅಳತೆಯ, ಬಣ್ಣ ಬಣ್ಣದ ರಕ್ಷಾಪುಟದ ಇಂಗ್ಲಿಷ್ ಪುಸ್ತಕಗಳನ್ನು ತಂದಿತ್ತು. ಲೇನ್ ಅದನ್ನು ನೋಡಿ ಕಲಿತರು. ಒಳ್ಳೆಯದನ್ನು ನೋಡಿ ಕಲಿಯುವುದರಲ್ಲಿ ತಪ್ಪೇನಿದೆ?

1935ರ ಜುಲೈ 30ಕ್ಕೆ ಮೊದಲ 10 ಪುಸ್ತಕ ಹೊರಬಂದವು. ಹೆಮಿಂಗ್ವೆ, ಆಂದ್ರೆ ಮೋರ್ವಾ, ಅಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್ ಮುಂತಾದವರು ಬರೆದವು. ಬೆಲೆ 6 ಪೆನ್ಸು. ಆಗ 10 ಸಿಗರೇಟಿನ ಒಂದು ಪ್ಯಾಕಿಗೆ ಅಷ್ಟೇ ಬೆಲೆ. ಅದೇ ಕಾಲದಲ್ಲಿ ರಟ್ಟಿನ ಹೊಸ ಕಾದಂಬರಿಗೆ ಏಳೂವರೆ ಶಿಲಿಂಗು, ಅಂದರೆ 90 ಪೆನ್ಸು. 15 ಪಟ್ಟು! ಒಂದು ರಟ್ಟಿನ ಪುಸ್ತಕದ ದುಡ್ಡಿಗೆ 15 ಪೆಂಗ್ವಿನ್ ಬರುತ್ತಿದ್ದವು.

ಬೇರೆ ಪ್ರಕಾಶಕರು ನಕ್ಕರು. 10ರಲ್ಲಿ 6 ಪುಸ್ತಕಗಳ ಹಕ್ಕು ಕೊಟ್ಟವರು ಜೊನಾಥನ್ ಕೇಪ್ ಎಂಬ ಪ್ರಕಾಶಕರು. ಹೇಗಿದ್ದರೂ ಈತ ಮುಳುಗುತ್ತಾನೆ, ಅಷ್ಟರೊಳಗೆ ನಮಗೆ ಬರುವ ದುಡ್ಡು ಬರಲಿ ಅಂತಲೇ ಅವರು ಕೊಟ್ಟಿದ್ದು. ಲೆಕ್ಕ ಕೂಡ ಹಾಗೇ ಇತ್ತು. ಪ್ರತಿ ಪುಸ್ತಕ 17 ಸಾವಿರಕ್ಕೂ ಹೆಚ್ಚು ಮಾರಾಟವಾದರೆ ಮಾತ್ರ ಅಸಲು ಬರಬೇಕು. ಅಂಗಡಿಗಳಿಂದ ಬಂದ ಆರ್ಡರು ಸುಮಾರು 7 ಸಾವಿರ. ಆಗ ಲೇನ್ ವೂಲ್‌ವರ್ತ್ ಕಂಪನಿಯ ಬಾಗಿಲು ತಟ್ಟಿದರು. ಅದು ಪುಸ್ತಕದಂಗಡಿ ಅಲ್ಲ. ಸೂಜಿ, ದಾರ, ಪಿಂಗಾಣಿ ಬಟ್ಟಲು, ಆಟದ ಸಾಮಾನು, ಮಿಠಾಯಿ ಮಾರುವ ಸರಣಿ ಅಂಗಡಿ. ಅಲ್ಲಿ ಯಾವ ಸಾಮಾನಿಗೂ 6 ಪೆನ್ಸಿಗಿಂತ ಜಾಸ್ತಿ ಇಲ್ಲ. ಸರಕು ಕೊಳ್ಳುವ ಅಧಿಕಾರಿಗೆ ಈ ಪುಸ್ತಕಗಳು ಹಿಡಿಸಲಿಲ್ಲ. ಚಿತ್ರವಿಲ್ಲದ ಮುಖಪುಟ ನೋಡಿ ಇದು ಓಡುವುದಿಲ್ಲ ಅಂದರು. ಅಷ್ಟರಲ್ಲಿ ಅವರ ಹೆಂಡತಿ ಅಲ್ಲಿಗೆ ಬಂದರು. ಪುಸ್ತಕ ತಿರುವಿ ನೋಡಿ, 6 ಪೆನ್ಸಿಗಾದರೆ ನಾನೇ ಕೊಳ್ಳುತ್ತೇನೆ ಅಂದರು. ವೂಲ್‌ವರ್ತ್ 63 ಸಾವಿರಕ್ಕೂ ಹೆಚ್ಚು ಪ್ರತಿಗಳಿಗೆ ಆರ್ಡರು ಕೊಟ್ಟಿತು. ಪೆಂಗ್ವಿನ್ ಬದುಕಿಕೊಂಡಿತು. ಒಂದು ವರ್ಷದೊಳಗೆ 30 ಲಕ್ಷ ಪ್ರತಿ ಮಾರಾಟವಾಯಿತು.

ಈ ಘಟನೆಯನ್ನು ನಮ್ಮ ಪ್ರಕಾಶಕರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು ಅಂತ ನನಗೆ ಆಸೆ. ಪೆಂಗ್ವಿನ್ನನ್ನು ಉಳಿಸಿದ್ದು ಪುಸ್ತಕದಂಗಡಿಗೆ ಬರುವ ಗಿರಾಕಿ ಅಲ್ಲ. ಸೂಜಿ ದಾರ ಕೊಳ್ಳಲು ಬಂದ ಮನೆಯ ಹೆಂಗಸರು. ಆ ಓದುಗರು ಮೊದಲಿಂದಲೂ ಇದ್ದರು. ಅವರು ನಿಲ್ಲುವ ಕಡೆಗೆ ಪುಸ್ತಕ ಹೋಗಿರಲಿಲ್ಲ, ಅಷ್ಟೇ.

ಉಳಿದ ವಿವರಗಳೂ ಚೆನ್ನಾಗಿವೆ. ಪೆಂಗ್ವಿನ್ ಎಂಬ ಹೆಸರು ಸೂಚಿಸಿದ್ದು ಲೇನ್ ಅವರ ಕಾರ್ಯದರ್ಶಿ ಜೋನ್ ಕೋಲ್ಸ್. ಹಕ್ಕಿಯ ಚಿತ್ರ ಬರೆದಿದ್ದು ಎಡ್ವರ್ಡ್ ಯಂಗ್ ಎಂಬ 21 ವರ್ಷದ ಹುಡುಗ. ಲಂಡನ್ ಮೃಗಾಲಯಕ್ಕೆ ಹೋಗಿ ಪೆಂಗ್ವಿನ್‌ಗಳ ಮುಂದೆ ಕೂತು ಬರೆದುಕೊಂಡು ಬಂದ. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ಕಡುನೀಲಿ. ಮೂರು ಪಟ್ಟಿ, ನಡುವೆ ಬಿಳಿ, ಅದರಲ್ಲಿ ಹೆಸರು. ಅಷ್ಟೇ. ದೂರದಿಂದಲೇ ಇದು ಇಂಥ ಪುಸ್ತಕ ಅಂತ ಗೊತ್ತಾಗಬೇಕು. ಗೋದಾಮಿಗೆ ಬಾಡಿಗೆ ಕೊಡಲು ಶಕ್ತಿ ಇರಲಿಲ್ಲ ಅಂತ ಲಂಡನ್ನಿನ ಮೇರಿಲಬೋನ್ ರಸ್ತೆಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸರಕು ಇಟ್ಟಿದ್ದರು. ಹಿಂದಿನವರ ಸಮಾಧಿಗಳಿದ್ದ ಜಾಗ ಅದು. ಮೇಲಿನಿಂದ ಪುಸ್ತಕದ ಕಟ್ಟುಗಳನ್ನು ಇಳಿಸಲು ಜಾತ್ರೆಯಲ್ಲಿ ಮಕ್ಕಳು ಆಡುವಂಥ ಜಾರುಬಂಡೆ ತಂದು ಹಾಕಿದ್ದರು. 1937ರಲ್ಲಿ ಲಂಡನ್ನಿನ ಹೊರಗೆ ಹಾರ್ಮಂಡ್ಸ್‌ವರ್ತ್‌ನಲ್ಲಿ ಸ್ವಂತ ಜಾಗ ಮಾಡಿಕೊಂಡರು. ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ ನಾಣ್ಯ ಹಾಕಿದರೆ ಪುಸ್ತಕ ಬೀಳುವ ಯಂತ್ರವನ್ನೂ ನಿಲ್ಲಿಸಿ ನೋಡಿದರು.

ಇನ್ನೊಂದು ಸಂಗತಿ ನಮ್ಮ ದೇಶಕ್ಕೆ ಸೇರಿದ್ದು. 1937ರಲ್ಲಿ ಪೆಂಗ್ವಿನ್‌ನವರು ಪೆಲಿಕನ್ ಎಂಬ ಇನ್ನೊಂದು ಮಾಲೆ ಶುರು ಮಾಡಿದರು. ವಿಜ್ಞಾನ, ಅರ್ಥಶಾಸ್ತ್ರ, ಇತಿಹಾಸ, ಸಮಾಜ ಇವುಗಳ ಬಗ್ಗೆ ಸಾಮಾನ್ಯ ಜನರಿಗೆ ಅರ್ಥವಾಗುವ ಪುಸ್ತಕಗಳು. ಮೊದಲನೆಯದು ಬರ್ನಾರ್ಡ್ ಷಾ ಅವರದು. ಆ ಮಾಲೆಯ ಸಂಪಾದಕರಲ್ಲಿ ಮುಖ್ಯರಾಗಿದ್ದವರು ವಿ.ಕೆ. ಕೃಷ್ಣ ಮೆನನ್! ಮುಂದೆ ನಮ್ಮ ರಕ್ಷಣಾ ಸಚಿವರಾದ ಅದೇ ಕೃಷ್ಣ ಮೆನನ್. ಕೇರಳದ ಕಲ್ಲಿಕೋಟೆಯಿಂದ ಹೋದವರು, ಲಂಡನ್ನಿನಲ್ಲಿ ಇಂಡಿಯಾ ಲೀಗ್ ಕಟ್ಟಿ ಸ್ವಾತಂತ್ರ್ಯಕ್ಕೆ ದುಡಿಯುತ್ತಿದ್ದವರು, ಅದರ ಜೊತೆಗೇ ಇಂಗ್ಲೆಂಡಿನ ಕೂಲಿಕಾರರಿಗೆ ಏನು ಓದಿಸಬೇಕು ಅಂತಲೂ ಯೋಚಿಸುತ್ತಿದ್ದರು. ಲೇನ್ ಅವರಿಗೂ ಇವರಿಗೂ ಹೆಚ್ಚು ದಿನ ಹೊಂದಲಿಲ್ಲ, ಬೇರೆಯಾದರು. ಆದರೂ ಅಡಿಪಾಯ ಹಾಕಿದವರಲ್ಲಿ ಒಬ್ಬ ಭಾರತೀಯ ಇದ್ದ ಅನ್ನುವುದು ನನಗೆ ಹೆಮ್ಮೆ. ನಮ್ಮ ಶಾಲೆಗಳಲ್ಲಿ ಕೃಷ್ಣ ಮೆನನ್ ಅಂದರೆ 1962ರ ಯುದ್ಧ ಮಾತ್ರ ಹೇಳುತ್ತಾರೆ. ಇದನ್ನೂ ಹೇಳಬೇಕು ಅಲ್ವಾ?

ಯುದ್ಧ ಬಂದಾಗ ಇಂಗ್ಲೆಂಡಿನಲ್ಲಿ ಕಾಗದಕ್ಕೆ ರೇಷನ್ ಆಯಿತು. ಯುದ್ಧಕ್ಕೆ ಮುಂಚೆ ಎಷ್ಟು ಕಾಗದ ಬಳಸಿದ್ದಿರೋ ಅದರ ಲೆಕ್ಕದಲ್ಲಿ ಪಾಲು. ಪೆಂಗ್ವಿನ್ ಆ ವರ್ಷಗಳಲ್ಲಿ ರಾಶಿ ರಾಶಿ ಅಚ್ಚು ಹಾಕಿತ್ತು, ಹಾಗಾಗಿ ಪಾಲು ಚೆನ್ನಾಗಿಯೇ ಸಿಕ್ಕಿತು. ಸೈನಿಕರ ಅಂಗಿಯ ಜೇಬಿಗೆ ಸರಿಯಾಗಿ ಹಿಡಿಸುವ ಅಳತೆ ಬೇರೆ. ಮಕ್ಕಳಿಗೆ ಪಫಿನ್ ಮಾಲೆ ಶುರುವಾಗಿದ್ದೂ ಯುದ್ಧದ ಮಧ್ಯೆಯೇ, 1940ರಲ್ಲಿ. ಬಾಂಬು ಬೀಳುತ್ತಿರುವ ಊರಿನಲ್ಲಿ ಕೂತು ಮಕ್ಕಳಿಗೆ ಬಣ್ಣದ ಚಿತ್ರದ ಪುಸ್ತಕ ಮಾಡಿದರು. 1946ರಲ್ಲಿ ಹಳೆಯ ಗ್ರೀಕ್ ಮಹಾಕಾವ್ಯದ ಇಂಗ್ಲಿಷ್ ಗದ್ಯದಿಂದ ಕ್ಲಾಸಿಕ್ಸ್ ಮಾಲೆ ಶುರು ಮಾಡಿದರು. ಅದೇ ವರ್ಷ ಜುಲೈ 26ಕ್ಕೆ ಬರ್ನಾರ್ಡ್ ಷಾ ಅವರಿಗೆ 90 ತುಂಬಿತು. ಅವರ 10 ಪುಸ್ತಕಗಳನ್ನು ಒಂದೊಂದು ಲಕ್ಷ ಪ್ರತಿಯಂತೆ, ಒಟ್ಟು 10 ಲಕ್ಷ, ಅಂದೇ ಬಿಡುಗಡೆ ಮಾಡಿದರು. ಆರೇ ವಾರದಲ್ಲಿ ಖಾಲಿ.

ನನ್ನ ಕಸುಬಿಗೆ ಹತ್ತಿರದ ಮಾತು ಒಂದಿದೆ. 1947ರಲ್ಲಿ ಯಾನ್ ಚಿಹೋಲ್ಡ್ ಎಂಬ ಜರ್ಮನ್ ಮೂಲದ ಅಕ್ಷರ ತಜ್ಞರನ್ನು ಲೇನ್ ಕರೆಸಿಕೊಂಡರು. ಅವರು ಇದ್ದಿದ್ದು 1949ರವರೆಗೆ ಮಾತ್ರ. ಅಷ್ಟರಲ್ಲಿ ನೂರಾರು ಪುಸ್ತಕಗಳ ಪುಟವಿನ್ಯಾಸ ತಿದ್ದಿದರು. ಅಚ್ಚಿನ ಮೊಳೆ ಜೋಡಿಸುವವರಿಗೆ ನಾಲ್ಕು ಪುಟದ ನಿಯಮ ಬರೆದುಕೊಟ್ಟರು. ಪದಗಳ ಮಧ್ಯೆ ಎಷ್ಟು ಜಾಗ, ಪೂರ್ಣವಿರಾಮ ಆದ ಮೇಲೆ ಎಷ್ಟು, ಅಧ್ಯಾಯದ ಹೆಸರು ಎಲ್ಲಿ, ಎಲ್ಲ ಅದರಲ್ಲಿದೆ. ಅಗ್ಗದ ಪುಸ್ತಕ ಓದುವ ಕೂಲಿಯವನಿಗೂ ಚೆಂದದ ಪುಟ ಬೇಕು ಅನ್ನುವ ಹಟ ಅದು. ಅಗ್ಗದ ಪುಸ್ತಕ ಅಂದರೆ ಹೇಗೆ ಬೇಕಾದರೂ ಒತ್ತಬಹುದು ಅಂತ ನಮ್ಮಲ್ಲಿ ಅಂದುಕೊಂಡಿದ್ದಾರೆ. ನನಗೆ ಬೇಜಾರಾಗುವುದು ಅಲ್ಲೇ.

ಬೆಲೆ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಒಂದು ಕೋರ್ಟ್ ಕೇಸು ಸಾಕ್ಷಿ. 1960ರಲ್ಲಿ ಪೆಂಗ್ವಿನ್ ಡಿ.ಎಚ್. ಲಾರೆನ್ಸ್ ಅವರ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯನ್ನು ಪೂರ್ತಿಯಾಗಿ ಅಚ್ಚು ಹಾಕಿತು. ಅಶ್ಲೀಲ ಅಂತ ಸರ್ಕಾರ ಕೇಸು ಹಾಕಿತು. ಬೆಲೆ ಮೂರೂವರೆ ಶಿಲಿಂಗು. ಸರ್ಕಾರಿ ವಕೀಲರು ಜ್ಯೂರಿಯನ್ನು ಕೇಳಿದ್ದು ಇದು: ನಿಮ್ಮ ಹೆಂಡತಿ, ನಿಮ್ಮ ಮನೆಯ ಆಳುಗಳು ಇದನ್ನು ಓದುವುದು ನಿಮಗೆ ಇಷ್ಟವಾ? ಅಂದರೆ ದೊಡ್ಡವರು ದುಬಾರಿ ದುಡ್ಡು ಕೊಟ್ಟು ಓದಿದರೆ ತಕರಾರಿಲ್ಲ, ಹೆಂಗಸರು ಮತ್ತು ಕೂಲಿಯವರ ಕೈಗೆ ಹೋಗಬಾರದು. ನವೆಂಬರ್ 2ಕ್ಕೆ ಜ್ಯೂರಿ ಪೆಂಗ್ವಿನ್ ತಪ್ಪು ಮಾಡಿಲ್ಲ ಅಂತ ತೀರ್ಪು ಕೊಟ್ಟಿತು. ಬಿಡುಗಡೆಯ ಮೊದಲ ದಿನವೇ 2 ಲಕ್ಷ ಪ್ರತಿ ಹೋದವು. ನಮ್ಮ ದೇಶದಲ್ಲಿ ಮಾತ್ರ ಅದೇ ಕಾದಂಬರಿ ಮಾರಿದ ಮುಂಬೈನ ಪುಸ್ತಕದಂಗಡಿಯವರ ಶಿಕ್ಷೆಯನ್ನು 1964ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಆಲೆನ್ ಲೇನ್ 1970ರಲ್ಲಿ ತೀರಿಕೊಂಡರು. ಪೆಂಗ್ವಿನ್ ಪಿಯರ್ಸನ್ ಎಂಬ ಕಂಪನಿಯ ಕೈಗೆ ಹೋಯಿತು. 1985ರಲ್ಲಿ ಪೆಂಗ್ವಿನ್ ಇಂಡಿಯಾ ಬಂತು. 2013ರಲ್ಲಿ ರ‍್ಯಾಂಡಮ್ ಹೌಸ್ ಎಂಬ ಇನ್ನೊಂದು ಪ್ರಕಾಶನದ ಜೊತೆ ಸೇರಿತು. ಈಗ ಅವರ ಪುಸ್ತಕಗಳೂ ಅಗ್ಗವೇನಲ್ಲ. ಆ ಭಾಗದ ಕಥೆ ನನಗೆ ಬೇಡ.

ಈಗ ನಮ್ಮ ಕಡೆಗೆ ಬರುತ್ತೇನೆ. ನಮ್ಮಲ್ಲಿ ಇಂಥ ಕೆಲಸ ಆಗಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಧಾರವಾಡದ ಮನೋಹರ ಗ್ರಂಥಮಾಲೆ ಹುಟ್ಟಿದ್ದು 1933ರಲ್ಲಿ, ಪೆಂಗ್ವಿನ್‌ಗಿಂತ ಎರಡು ವರ್ಷ ಮುಂಚೆ. ಚಂದಾದಾರರನ್ನು ಮಾಡಿಕೊಂಡು ಮನೆಗೇ ಪುಸ್ತಕ ಕಳಿಸಿದರು. ರಾಷ್ಟ್ರೋತ್ಥಾನದವರ ಭಾರತ ಭಾರತಿ ಮಾಲೆಯ 510 ಪುಟ್ಟ ಪುಸ್ತಕಗಳನ್ನು ಓದದ ನನ್ನ ಓರಗೆಯವರು ಕಡಿಮೆ. ನವಕರ್ನಾಟಕದವರು ಸೋವಿಯತ್ ಪುಸ್ತಕಗಳನ್ನು ಊರಿಂದೂರಿಗೆ ತಂದು ಮಾರುತ್ತಿದ್ದರು. ಆ ರಷ್ಯನ್ ಪುಸ್ತಕಗಳ ಹೊಲಿಗೆ ಎಷ್ಟು ಗಟ್ಟಿ ಅಂದರೆ ಇವತ್ತಿಗೂ ಅವು ರಿಪೇರಿಗೆ ನನ್ನ ಹತ್ತಿರ ಬರುವುದೇ ಅಪರೂಪ.

ಹಾಗಾದರೆ ಎಲ್ಲಿ ತಪ್ಪಿತು? ನನ್ನ ಮೇಜಿನಿಂದ ಕಾಣುವುದನ್ನು ಹೇಳುತ್ತೇನೆ. ಕನ್ನಡದ ಪ್ರಕಾಶಕರು ಬಹುಮಟ್ಟಿಗೆ ನಂಬಿರುವುದು ಗ್ರಂಥಾಲಯದ ಸಗಟು ಖರೀದಿಯನ್ನು. ಅಲ್ಲಿ ಪುಟಕ್ಕೆ ಇಷ್ಟು ಅಂತ ದರ. ಪುಟ ಜಾಸ್ತಿಯಾದರೆ ದುಡ್ಡು ಜಾಸ್ತಿ. ಹಾಗಾಗಿ ಅಕ್ಷರ ದೊಡ್ಡದಾಗುತ್ತದೆ, ಅಂಚು ಅಗಲವಾಗುತ್ತದೆ, ಕಾಗದ ಉಬ್ಬುತ್ತದೆ, ಪ್ರತಿ ಅಧ್ಯಾಯಕ್ಕೂ ಒಂದು ಖಾಲಿ ಪುಟ ಬೀಳುತ್ತದೆ. ಪುಸ್ತಕ ಓದುವವರಿಗಾಗಿ ತಯಾರಾಗುವುದು ಬಿಟ್ಟು ಖರೀದಿ ಲೆಕ್ಕಕ್ಕಾಗಿ ತಯಾರಾಗುತ್ತದೆ. ಅಚ್ಚಾಗುವುದು ಕೆಲವು ನೂರು ಪ್ರತಿ. 200 ಪುಟಕ್ಕೆ 200, 250 ರೂಪಾಯಿ ಸಾಮಾನ್ಯ. ಟೊಮೆಟೊ ಬಿಡಿಸಲು ಹೋಗುವ ಹೆಣ್ಣುಮಕ್ಕಳಿಗೆ ಅದು ದಿನದ ಕೂಲಿಯ ದೊಡ್ಡ ಪಾಲು. ಅವರು ಪುಸ್ತಕ ಕೊಳ್ಳಲ್ಲ ಅಂತ ನಾವು ಬೈಯುವುದು ನ್ಯಾಯವಲ್ಲ. ಇಷ್ಟು ದುಡ್ಡು ಹಾಕಿದರೂ ಬೆನ್ನಿಗೆ ಹೊಲಿಗೆ ಇಲ್ಲ. ಬಿಸಿ ಗಮ್ ಬಳಿದು ಮೇಲೆ ಹೊಳೆಯುವ ರಕ್ಷಾಪುಟ ಅಂಟಿಸುತ್ತಾರೆ. ಎರಡು ಬೇಸಿಗೆ ಕಳೆದರೆ ಗಮ್ ಒಣಗಿ ಬಿರಿಯುತ್ತದೆ, ಹಾಳೆ ಒಂದೊಂದಾಗಿ ಉದುರುತ್ತವೆ. ಲೈಬ್ರರಿಯಿಂದ ಅವು ಮೂಟೆಯಲ್ಲಿ ನನ್ನ ಹತ್ತಿರ ಬರುತ್ತವೆ. ನನಗೆ ಕೆಲಸ ಸಿಗುತ್ತದೆ, ಸರಿ. ಆದರೆ ಆ ಕೆಲಸದಿಂದ ನನಗೆ ಸಂತೋಷ ಇಲ್ಲ.

ಲೈಬ್ರರಿಗೆ ಕೊಳ್ಳಲೇಬಾರದು ಅಂತ ನನ್ನ ವಾದ ಅಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕೊಡುತ್ತೇವೆ. ಅದು ಪುಸ್ತಕಕ್ಕೇ ಹೋಗಬೇಕು. ಪುಟದ ಲೆಕ್ಕ ಬಿಟ್ಟು, ಜೇಬಿನ ಅಳತೆಯ ಗಟ್ಟಿ ಪುಸ್ತಕಕ್ಕೂ ಒಂದು ನ್ಯಾಯವಾದ ದರ ಇಡಲಿ ಅಂತ ಮಾತ್ರ ಕೇಳುತ್ತೇನೆ.

ಲೇಖಕರಿಗೆ ನಷ್ಟ ಅಲ್ವಾ ಅಂತ ಕೆಲವರು ಕೇಳಬಹುದು. ಲೇನ್ ಹೊಸ ಪುಸ್ತಕವನ್ನು 6 ಪೆನ್ಸಿಗೆ ಮಾರಲಿಲ್ಲ. ರಟ್ಟಿನ ಪ್ರತಿ ಮಾರಾಟವಾಗಿ ಮುಗಿದ ಪುಸ್ತಕಗಳನ್ನು ತೆಗೆದುಕೊಂಡರು. ಲೇಖಕರಿಗೆ ಪ್ರತಿಗೆ ಸಿಕ್ಕಿದ್ದು ಚೂರೇ ಆದರೂ ಪ್ರತಿಗಳು ಲಕ್ಷಗಟ್ಟಲೆ. ನಮ್ಮಲ್ಲೂ ಹಾಗೇ ಮಾಡಬಹುದು. ಹೊಸ ಪುಸ್ತಕ ಅದರ ಬೆಲೆಗೆ ಹೋಗಲಿ. ಅಂಗಡಿಯಲ್ಲಿ ಕೇಳಿದರೆ "ಸ್ಟಾಕ್ ಇಲ್ಲ ಸಾರ್" ಅನ್ನುವ ಹಳೆಯ ಪುಸ್ತಕಗಳು ಎಷ್ಟಿವೆ! ಮೊದಲು ಅವು ಬರಲಿ. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕಿನ ತೊಡಕೂ ಇಲ್ಲ. ಪಂಜೆ ಮಂಗೇಶರಾಯರು 1937ರಲ್ಲಿ, ಗಳಗನಾಥರು 1942ರಲ್ಲಿ, ಬಿ.ಎಂ.ಶ್ರೀ ಮತ್ತು ಕೈಲಾಸಂ 1946ರಲ್ಲಿ ತೀರಿಕೊಂಡರು. ಇವರದ್ದನ್ನೆಲ್ಲ ಇವತ್ತೇ ಯಾರು ಬೇಕಾದರೂ ಅಚ್ಚು ಹಾಕಬಹುದು. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರದ್ದು, ಮುಳಬಾಗಿಲಿನ ಡಿವಿಜಿಯವರದ್ದು ಬೇಕೆಂದರೆ ಹಕ್ಕು ಇರುವವರನ್ನು ಕೇಳಿ, ಅವರ ಪಾಲು ಕೊಟ್ಟು ಮಾಡಬೇಕು. ಮಾಸ್ತಿ ಹುಟ್ಟಿದ್ದೂ ಜೂನ್ 6, ತೀರಿಕೊಂಡಿದ್ದೂ ಜೂನ್ 6. ಷಾ ಅವರಿಗೆ ಪೆಂಗ್ವಿನ್ ಮಾಡಿದ ಹಾಗೆ ಒಂದು ಜೂನ್ 6ಕ್ಕೆ ಮಾಸ್ತಿಯವರ 10 ಪುಸ್ತಕ ಜೇಬಿನ ಅಳತೆಯಲ್ಲಿ ಒಟ್ಟಿಗೇ ಬರಲಿ. ಜಿಲ್ಲೆಗೆ ಅದಕ್ಕಿಂತ ದೊಡ್ಡ ಹಬ್ಬ ಬೇಡ.

ಪುಸ್ತಕ ಹೇಗಿರಬೇಕು ಅಂತ ನಾನೇ ಒಂದು ಮಾದರಿ ಮಾಡಿ ನೋಡಿದ್ದೇನೆ. 11ಕ್ಕೆ 18 ಸೆಂಟಿಮೀಟರು. ನಮ್ಮ ಪುಸ್ತಕಗಳ ಮಾಮೂಲು ಅಳತೆಯಾದ ಡೆಮಿ 1/8 ಪುಟದ ಮೂರರಲ್ಲಿ ಎರಡು ಪಾಲು ಕಾಗದ ಸಾಕು. ಇಂಗ್ಲಿಷಿನಷ್ಟು ಸಣ್ಣ ಅಕ್ಷರ ಕನ್ನಡಕ್ಕೆ ಆಗಿಬರಲ್ಲ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಸಾಲಿನ ಮಧ್ಯೆ ಜಿಪುಣತನ ಮಾಡದೆ, ಅಂಚಿನಲ್ಲಿ ಸ್ವಲ್ಪ ಉಳಿಸಬೇಕು. ಬೆನ್ನಿನ ಕಡೆ ಮಾತ್ರ ಉಳಿಸಬಾರದು. ಬಿಳಿ ಬಿಳಿ ಕಾಗದ ಬೇಡ, ಸ್ವಲ್ಪ ಹಳದಿ ಇದ್ದರೆ ಕಣ್ಣಿಗೂ ಹಿತ, ಬೆಲೆಯೂ ಕಡಿಮೆ. 16 ಪುಟದ ಫಾರಂ ಮಡಚಿ ದಾರದಲ್ಲಿ ಹೊಲಿಯಬೇಕು. ಸಾವಿರಗಟ್ಟಲೆ ಹೊಲಿದರೆ ಪ್ರತಿಗೆ ಬೀಳುವ ಖರ್ಚು ಭಯಪಡುವಷ್ಟು ಇಲ್ಲ. ಈ ಊರುಗಳಲ್ಲಿ ಫಾರಂ ಮಡಚಲು, ಹೊಲಿಯಲು ಬರುವ ಹೆಂಗಸರು ಇನ್ನೂ ಇದ್ದಾರೆ, ಅವರಿಗೆ ಕೆಲಸ ಇಲ್ಲ. ಮುಖಪುಟಕ್ಕೆ ಒಂದೇ ಬಣ್ಣ ಮತ್ತು ಕಪ್ಪು. ಕಥೆಗೆ ಒಂದು ಬಣ್ಣ, ಕಾದಂಬರಿಗೆ ಒಂದು, ನಾಟಕಕ್ಕೆ ಒಂದು, ವಿಜ್ಞಾನಕ್ಕೆ ಒಂದು. ಗೌರಿಬಿದನೂರಿನ ಎಚ್. ನರಸಿಂಹಯ್ಯನವರು ಹುಟ್ಟಿದ ನೆಲದಲ್ಲಿ ವಿಜ್ಞಾನದ ಮಾಲೆ ಇಲ್ಲದಿದ್ದರೆ ಹೇಗೆ?

ಇನ್ನು ಮಾರುವ ಜಾಗ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಳಿಗ್ಗೆ ನಿಂತು ನೋಡಿ. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಕಡೆಯ ಸಾವಿರಾರು ಜನ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಾರೆ. ಹೋಗುತ್ತಾ ಗಂಟೆಗಟ್ಟಲೆ, ಬರುತ್ತಾ ಗಂಟೆಗಟ್ಟಲೆ. ಪ್ಲಾಟ್‌ಫಾರಂನಲ್ಲಿ ಚಹಾ ಸಿಗುತ್ತದೆ, ವಡೆ ಸಿಗುತ್ತದೆ, ಮೊಬೈಲ್ ಚಾರ್ಜರು ಸಿಗುತ್ತದೆ. ಒಂದು ಕನ್ನಡ ಕಥಾ ಸಂಕಲನ ಬೇಕು ಅಂದರೆ ಎಲ್ಲಿ ಹೋಗಬೇಕು? ಕೋಲಾರ, ಚಿಂತಾಮಣಿ, ಮುಳಬಾಗಿಲು ಬಸ್ ನಿಲ್ದಾಣಗಳಿಗೂ ಇದೇ ಮಾತು.

ಅದಕ್ಕಿಂತ ನನಗೆ ಜಾಸ್ತಿ ಭರವಸೆ ಇರುವುದು ಹಳ್ಳಿಯ ಹಾಲಿನ ಡೈರಿ ಮೇಲೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘ ಇಲ್ಲದ ಊರು ಹುಡುಕಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕ್ಯಾನು ಹಿಡಿದು ಊರೇ ಅಲ್ಲಿಗೆ ಬರುತ್ತದೆ. ಜಾಸ್ತಿ ಬರುವವರು ಹೆಂಗಸರು, ಶಾಲೆಗೆ ಹೋಗುವ ಮಕ್ಕಳು. ಫ್ಯಾಟ್ ನೋಡುವವರೆಗೆ ಸಾಲಿನಲ್ಲಿ ಸುಮ್ನೆ ನಿಂತಿರುತ್ತಾರೆ. ಅಲ್ಲೇ ಪಶು ಆಹಾರದ ಮೂಟೆ, ಖನಿಜ ಮಿಶ್ರಣದ ಪೊಟ್ಟಣ ಮಾರುತ್ತಾರೆ, ಹಾಲಿನ ದುಡ್ಡಿನಲ್ಲಿ ಮುರಿದುಕೊಳ್ಳುತ್ತಾರೆ. ಅದೇ ಗೋಡೆಗೆ ಒಂದು ಸಣ್ಣ ಹಲಗೆ ಹೊಡೆದು 20 ಪುಸ್ತಕ ಇಡಿ. ಬೆಲೆ 50, 60 ರೂಪಾಯಿ ದಾಟದಿರಲಿ. ಹಾಲಿನ ಲೆಕ್ಕದಲ್ಲಿ ಮುರಿದುಕೊಳ್ಳಿ. ನಮ್ಮ ವೂಲ್‌ವರ್ತ್ ಅದೇ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಓದಿ ಇಷ್ಟಪಟ್ಟ ಹುಡುಗಿ ಸಂಜೆ ಡೈರಿಯಲ್ಲಿ ಅದೇ ಪುಸ್ತಕವನ್ನು ತನ್ನದಾಗಿ ಮಾಡಿಕೊಳ್ಳಬಹುದು.

ಕನ್ನಡ ಪುಸ್ತಕ ಪ್ರಾಧಿಕಾರ, ಜಿಲ್ಲೆಯ ಹಾಲು ಒಕ್ಕೂಟಗಳು, ಕೆಎಸ್‌ಆರ್‌ಟಿಸಿ, ರೈಲ್ವೆ, ಒಬ್ಬಿಬ್ಬರು ಧೈರ್ಯವಂತ ಪ್ರಕಾಶಕರು, ಇಷ್ಟು ಜನ ಒಂದು ಕಡೆ ಕೂತು ಮಾತಾಡಲಿ ಅಂತ ನನ್ನ ಬೇಡಿಕೆ. ದೊಡ್ಡ ಯೋಜನೆ ಬೇಡ. ಮೊದಲು ಒಂದು ತಾಲ್ಲೂಕು, 10 ಪುಸ್ತಕ, ಒಂದು ವರ್ಷ. ಮಾಲೂರು ತಾಲ್ಲೂಕಿನಿಂದಲೇ ಶುರು ಮಾಡಬಹುದು. ಬೆಂಗಳೂರಿಗೂ ಹತ್ತಿರ, ಮಾಸ್ತಿಯವರ ಊರೂ ಹೌದು. ಎಷ್ಟು ಹೋಯಿತು, ಯಾವುದು ಹೋಯಿತು, ಯಾವ ಡೈರಿಯಲ್ಲಿ ಹೋಗಲಿಲ್ಲ ಅಂತ ಲೆಕ್ಕ ಇಟ್ಟು ಪತ್ರಿಕೆಯಲ್ಲಿ ಹಾಕಲಿ.

ನಾನು ಮಾಡಿದ ಮಾದರಿ ಅಂಗಡಿಯಲ್ಲಿದೆ. ಯಾರು ಬೇಕಾದರೂ ಬಂದು ಬಿಚ್ಚಿ, ಎಳೆದು, ಬಗ್ಗಿಸಿ ನೋಡಬಹುದು. ಈ ಕೆಲಸಕ್ಕೆ ಯಾರಾದರೂ ಕೈ ಹಾಕಿದರೆ ಫಾರಂ ಮಡಚುವುದನ್ನು, ಹೊಲಿಯುವುದನ್ನು ಹೊಸಬರಿಗೆ ದುಡ್ಡು ತೆಗೆದುಕೊಳ್ಳದೆ ಕಲಿಸಿಕೊಡುತ್ತೇನೆ. ಅಚ್ಚಿನ ಕೆಲಸದಲ್ಲಿರುವ ನಿಮ್ಮ ಓದುಗರು ಇವತ್ತಿನ ಕಾಗದದ ರೇಟಿಗೆ 5 ಸಾವಿರ ಪ್ರತಿ ಹಾಕಿದರೆ ಒಂದೊಂದಕ್ಕೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ ಇದೇ ಅಂಕಣಕ್ಕೆ ಬರೆದರೆ ಉಪಕಾರವಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪುಸ್ತಕ ಬೈಂಡರ್,
ಕೋಲಾರ